ಮೂರು ಅಂದ ಮೇಲೆ

ಮೇಸ್ತ್ರಿ ‘ಮೂರು’ ಅಂದಾಗ ಉಳಿದವರು ಎತ್ತಿದರು, ಬ್ಯಾಂಡಮ್ಮ ಎತ್ತಲಿಲ್ಲ. ಆಳೆತ್ತರದ ಗಾಜು ಅವಳ ಕಡೆ ವಾಲಿ, ಕೆಳಗಿನ ಮೂಲೆ ನೆಲಕ್ಕೆ ತಾಗಿ ಚೂರಾಗಿ, ಚಟ್ ಅಂತ ಒಂದು ಬಿರುಕು ಬುಡದಿಂದ ತುದಿಯವರೆಗೆ ಓಡಿತು. ಆ ಔಷಧಿ ಅಂಗಡಿಯ ಮುಂಭಾಗಕ್ಕೆ ಕೂರಿಸಬೇಕಾಗಿದ್ದದ್ದು ಎರಡು ಗಾಜು. ಒಂದರ ಕಥೆ ಅಲ್ಲಿಗೇ ಮುಗಿಯಿತು. ಯಾರಿಗೂ ಗಾಯವಾಗಲಿಲ್ಲ, ಅದೊಂದು ಪುಣ್ಯ.

ಅವಳು ಕೆಲಸಕ್ಕೆ ಸೇರಿ ಇದು ಎರಡನೇ ವಾರ. ಗಾಜು ಹೊರೋದು ಹೆಣ್ಣುಮಕ್ಕಳ ಕೆಲಸವಲ್ಲ ಅಂತ ಉಳಿದ ಕಡೆಯವರೆಲ್ಲ ಬಾಗಿಲಲ್ಲೇ ವಾಪಸ್ ಕಳಿಸಿದ್ದರು. ಇಲ್ಲಿ ಮಾತ್ರ ಯಜಮಾನರ ಮುಂದೆ ನಿಂತು, ‘ನಾವು ಐದು ಜನ ಸೇರಿ ಬ್ಯಾಂಡ್ ನುಡಿಸ್ತೀವಿ ಸಾರ್, ನಾನು ಡ್ರಮ್ಸ್. ಜೊತೆಯಾಗಿ ಕೆಲಸ ಮಾಡೋದು ಅಲ್ಲೇ ಕಲಿತಿದ್ದು’ ಎಂದು ಧೈರ್ಯವಾಗಿ ಹೇಳಿ ಕೆಲಸ ಗಿಟ್ಟಿಸಿಕೊಂಡಿದ್ದಳು. ಮೇಸ್ತ್ರಿ ಅವತ್ತೇ ಮೂಗು ಮುರಿದು ‘ಬ್ಯಾಂಡಮ್ಮ’ ಅಂತ ಹೆಸರಿಟ್ಟಿದ್ದ. ಇಷ್ಟು ದಿನ ಅವಳು ಹೊತ್ತದ್ದು ಕಿಟಕಿಯ ಚಿಕ್ಕ ಗಾಜುಗಳನ್ನು, ಒಬ್ಬಳೇ. ನಾಲ್ಕು ಜನ ಹಿಡಿಯೋ ಗಾಜಿಗೆ ಕೈ ಹಾಕಿದ್ದು ಇವತ್ತೇ ಮೊದಲು.

“ಜೊತೆಯಾಗಿ ಕೆಲಸ ಮಾಡೋದು ಅಂದ್ರೆ ಇದೇನಾ ತಾಯಿ? ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗಾಯ್ತು,” ಎಂದ ಮೇಸ್ತ್ರಿ ಜೇಬಿನಿಂದ ಫೋನ್ ತೆಗೆಯುತ್ತ. “ಯಜಮಾನ್ರಿಗೆ ಹೇಳ್ತೀನಿ. ನೀನು ಗ್ಲೌಸ್ ಬಿಚ್ಚಿಟ್ಟು ಮನೆಗೆ ನಡಿ.”

“ನೀವು ಮೂರು ಅಂದ ಮೇಲೆ ತಾನೇ ಎತ್ತೋದು?” ಅವಳು ಗ್ಲೌಸ್ ಬಿಚ್ಚಲಿಲ್ಲ. “ಬ್ಯಾಂಡಲ್ಲಿ ನಾನು ಒಂದು, ಎರಡು, ಮೂರು, ನಾಲ್ಕು ಅಂತೀನಿ. ಅಷ್ಟೂ ಮುಗಿದ ಮೇಲೇ ಎಲ್ಲರೂ ಶುರು ಮಾಡೋದು. ಎಣಿಕೆ ನಡೀತಿರುವಾಗ ಯಾರೂ ಕೈ ಆಡಿಸಲ್ಲ.”

“ಮೂರು ಅಂದ್ರೆ ಮೂರಕ್ಕೇ ಎತ್ತೋದು. ಲೋಕಕ್ಕೇ ಗೊತ್ತಿರೋ ವಿಷಯ.” ಮೇಸ್ತ್ರಿ ಗಾಜಿನ ಆಚೆ ಬದಿ ಹಿಡಿದಿದ್ದ ಅಣ್ಣತಮ್ಮಂದಿರ ಕಡೆ ತಿರುಗಿದ. “ಹೇಳ್ರೋ ಇವಳಿಗೆ, ನೀವು ಯಾವಾಗ ಎತ್ತೋದು?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಣ್ಣ ತಲೆ ಕೆರೆದುಕೊಂಡ. “ಮೂರರ ತನಕ ಯಾರು ಕಾಯ್ತಾರೆ ಮೇಸ್ತ್ರಿ? ನಿಮ್ಮ ಕತ್ತಿನ ನರ ಉಬ್ಬುತ್ತಲ್ಲ, ಅದು ಕಂಡ ತಕ್ಷಣ ಎತ್ತಿಬಿಡ್ತೀನಿ.”

“ನೀನು?”

“ನಾನು ಅಣ್ಣ ಎತ್ತಿದ ಮೇಲೆ,” ಎಂದ ತಮ್ಮ.

ಮೇಸ್ತ್ರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಗಂಟಲು ಹರಿದುಕೊಂಡು ಎಣಿಸಿದ್ದನ್ನು ಒಂದು ನರಪಿಳ್ಳೆಯೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎತ್ತುವಾಗೆಲ್ಲ ಗಾಜು ಒಂದು ಸಲ ಜಗ್ಗುತ್ತಿತ್ತು, ಅವನು ಸುಮ್ಮನೆ ಗ್ಲೌಸನ್ನು ಬೈಯುತ್ತಿದ್ದ. ಫೋನ್ ಕೈಯಲ್ಲೇ ಉಳಿಯಿತು.

“ಕೊಳಲಿಂದ ಶುರುವಾಗೋ ಹಾಡಿಗೆ ನಾನೂ ಎಣಿಸಲ್ಲ,” ಎಂದಳು ಹುಡುಗಿ ಮೆಲ್ಲಗೆ. “ಕೊಳಲಿನವಳು ಉಸಿರು ಎಳ್ಕೊಂಡಾಗ ಅವಳ ಭುಜ ಏಳುತ್ತೆ. ಅವಳ ಜೊತೆ ನಾವೂ ಎಳ್ಕೋತೀವಿ, ಬಿಡುವಾಗ ಎಲ್ಲರೂ ಒಟ್ಟಿಗೆ ಶುರು. ಮೊದಮೊದಲು ನಂಗೆ ಬರ್ತಾನೇ ಇರ್ಲಿಲ್ಲ. ನನ್ನ ಡ್ರಮ್ ಮಾತ್ರ ನೋಡ್ಕೊಂಡು ಕೂತಿರ್ತಿದ್ದೆ, ಎಲ್ಲರ ಹತ್ರಾನೂ ಬೈಸ್ಕೊಂಡಿದ್ದೀನಿ. ಇದೊಂದು ಗಾಜು ಹಾಗೆ ಎತ್ತಿ ನೋಡೋಣ. ಆಮೇಲೂ ಬೇಡ ಅಂದ್ರೆ ಹೋಗ್ತೀನಿ.”

“ಉಸಿರಾಡೋಕೂ ಮೇಸ್ತ್ರಿ ಅಪ್ಪಣೆ ಬೇಕಾ?” ಎಂದು ತಮ್ಮ ಕಿಸಕ್ಕೆಂದ.

“ಬೇಕು,” ಎಂದಳು ಅವಳು. “ಅವರು ಎಳ್ಕೊಳ್ಳಲಿ, ನಾವು ಅವರನ್ನ ನೋಡ್ತೀವಿ. ಅವರೂ ನಮ್ಮನ್ನ ನೋಡಬೇಕು.”

ಮೊದಲು ಬರಿಗೈಯಲ್ಲೇ ಒಂದು ಸಲ ಮಾಡಿ ನೋಡಿದರು. ಅಭ್ಯಾಸಬಲ, ಮೇಸ್ತ್ರಿ ಬಾಯಿಂದ ‘ಒಂದು’ ಜಾರಿತು, ನಾಲಿಗೆ ಕಚ್ಚಿಕೊಂಡ. ಔಷಧಿ ಅಂಗಡಿಯಾಕೆ ಒಳಗಿನಿಂದ ಇವರಿಗೇನಾಯಿತಪ್ಪಾ ಎನ್ನುವಂತೆ ನೋಡಿದಳು. ಆಮೇಲೆ ಉಳಿದ ಗಾಜಿಗೆ ಕಚ್ಚಿಸಿದ ರಬ್ಬರ್ ಹಿಡಿಗಳನ್ನು ನಾಲ್ವರೂ ಹಿಡಿದರು. ಮೇಸ್ತ್ರಿ ಮೊದಲ ಬಾರಿಗೆ ಗಾಜನ್ನು ಬಿಟ್ಟು ಆ ಮೂರು ಮುಖಗಳನ್ನು ನೋಡಿದ. ಹುಡುಗಿಯ ತುಟಿ ಅದುರುತ್ತಿತ್ತು. ಅವಳ ತುಟಿ ನಿಲ್ಲುವ ತನಕ ಕಾದು, ಉಸಿರು ಎಳೆದುಕೊಂಡ. ಬಿಟ್ಟ. ಗಾಜು ಜಗ್ಗಲಿಲ್ಲ, ಗಲಗಲ ಅನ್ನಲಿಲ್ಲ, ಸದ್ದಿಲ್ಲದೆ ಎದ್ದು ಚೌಕಟ್ಟಿನೊಳಗೆ ಹೋಗಿ ಕೂತಿತು.

ಮೇಸ್ತ್ರಿ ಫೋನ್ ಮಾಡಿದ. “ಒಂದು ಒಡೀತು ಸಾರ್, ಒಂದು ಕೂತಿತು. ಒಡೆದದ್ದು ನನ್ನ ತಪ್ಪು. ಹೊಸ ಹುಡುಗೀನಾ? ಇರ್ತಾಳೆ ಸಾರ್. ನಾಳೆ ಇನ್ನೊಂದು ಗಾಜು ಎತ್ತೋಕೆ ಅವಳು ಬೇಕು.” ಅವಳು ಗೋಡೆ ಕಡೆ ತಿರುಗಿ ತೋಳಿನಿಂದ ಮುಖ ಒರೆಸಿಕೊಂಡಳು. “ಅಳೋದು ಆಮೇಲೆ, ಮೊದಲು ಚೂರು ಗುಡಿಸು,” ಎಂದ ಮೇಸ್ತ್ರಿ. ಎಷ್ಟಾದರೂ ಮೇಸ್ತ್ರಿಯಲ್ಲವೇ.

ಸಂಜೆ ಮನೆಯಲ್ಲಿ ಮೇಸ್ತ್ರಿಯ ತಾಯಿ ಮಂಚದ ಮೇಲೆ ಕಾಯುತ್ತಿದ್ದಳು. ಸೊಂಟದ ಮೂಳೆ ಮುರಿದ ಮೇಲೆ ದಿನಾ ಅವಳನ್ನು ಎತ್ತಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸುವುದು ಅವನ ಮತ್ತು ಅವನ ಹೆಂಡತಿಯ ಕೆಲಸ. ಅವನು ಜೋರಾಗಿ ಎಣಿಸುವುದು, ತಾಯಿ ಕಣ್ಣು ಮುಚ್ಚಿ ಹಲ್ಲು ಕಚ್ಚುವುದು, ಎತ್ತಿದಾಗ ನರಳುವುದು. ಇವತ್ತು ಬೆನ್ನ ಕೆಳಗೆ ಕೈ ಕೊಟ್ಟು ಅವನು ಸುಮ್ಮನೆ ನಿಂತ.

“ಏನೋ, ಲೆಕ್ಕ ಮರೆತೆಯಾ?” ಎಂದಳು ತಾಯಿ.

“ಉಸಿರು ಎಳ್ಕೋ ಅಮ್ಮಾ, ನಮ್ಮ ಜೊತೆ.”

ಅವನು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. ಮೂವರೂ ಉಸಿರು ಎಳೆದುಕೊಂಡರು, ಬಿಟ್ಟರು. ತಾಯಿ ಕುರ್ಚಿಯಲ್ಲಿದ್ದಳು. ನರಳಲಿಲ್ಲ. ಮಗನ ಕೈ ಹಿಡಿದುಕೊಂಡಳು.

“ಇಷ್ಟು ದಿನ ನೀವು ನನ್ನ ಎತ್ತಿ ಇಡ್ತಿದ್ರಿ ಮಗಾ. ಇವತ್ತು ನಾನೂ ಎದ್ದೆ.”