ಅಪ್ಪಯ್ಯನ ಮೀನು

ಕಡಲಲ್ಲಿ ಮೀನು ಮುಗಿದ ಮೇಲೆ ಗಂಗೊಳ್ಳಿಯವರೆಲ್ಲ ಕೊಳದಲ್ಲಿ ಬೆಳೆದ ಪಾಚಿಯ ಗಂಜಿ ಕುಡಿದೇ ಬದುಕುತ್ತಿದ್ದರು. ಹಾಸಿಗೆ ಹಿಡಿದ ಶೀನ ಮರಕಾಲರು ಒಂದು ದಿನ, "ಸಾಯುದ್ರೊಳ್ಗೆ ಒಂದ್ ಮೀನ್ ತಿನ್ಕ್ ಮಗಾ" ಎಂದು ತಮ್ಮ ಆಸೆ ಹೇಳಿಕೊಂಡರು. ಮಗಳು ಗುಲಾಬಿ ಹೊಳೆಯಲ್ಲೆಲ್ಲ ಹುಡುಕಿ ಒಂದು ಮರಿ ತಂದು ತೊಟ್ಟಿಯಲ್ಲಿ ಬಿಟ್ಟಳು. ತನ್ನ ಪಾಲಿನ ಪಾಚಿಯನ್ನೇ ಅದಕ್ಕೆ ಹಾಕಿದಳು. ಹತ್ತು ಹಿಡಿ ತಿಂದರೆ ಒಂದು ಹಿಡಿಯಷ್ಟೇ ಮೈಗೆ ಹತ್ತುವ ಜೀವ ಅದು. ಮೀನು ಅಂಗೈಯಷ್ಟಾಗುವ ಹೊತ್ತಿಗೆ ಗುಲಾಬಿ ಗೋಡೆ ಹಿಡಿದು ನಡೆಯುತ್ತಿದ್ದಳು.

ಹುರಿದು, ಮುಳ್ಳು ಬಿಡಿಸಿ ಅಪ್ಪಯ್ಯನ ಬಾಯಿಗಿಟ್ಟಳು.

"ಇದೂ ಪಾಚಿಯೇ ಅಲ್ದಾ?" ಎಂದು ಅವರು ಮುಖ ತಿರುಗಿಸಿಕೊಂಡರು.

ಉಳಿದದ್ದನ್ನು ಗುಲಾಬಿ ತಿಂದಳು. ಹುಟ್ಟಿದಾಗಿನಿಂದ ಅವಳು ಮೀನು ತಿಂದವಳಲ್ಲ. ಅಪ್ಪಯ್ಯ ಹೇಳಿದ್ದು ನಿಜವೋ ಸುಳ್ಳೋ ಅವಳಿಗೆ ತಿಳಿಯಲಿಲ್ಲ. ಹಸಿವಂತೂ ಹೋಗಲಿಲ್ಲ.