ಕೋಳಿಗೂಡಿನ ಬೀಗ

ಕತ್ತಲಲ್ಲಿ ಕ್ಲಿಕ್ ಎಂದು ಸದ್ದಾದಾಗ ಲೋರ್ನಾ ಧಡಕ್ಕನೆ ಎದ್ದು ಕೂತಳು. ಪಕ್ಕದಲ್ಲಿ ಗಂಡ ಡ್ವೇನ್ ಇರಲಿಲ್ಲ. ಅವನು ಪಿಸ್ತೂಲಿಡುವ ಮೇಜಿನ ಖಾನೆ ತೆರೆದಿತ್ತು. ಆಚೆ ಕೋಣೆಯಲ್ಲಿ ಪುಟ್ಟ ಮೊಮ್ಮಗಳು ಮಲಗಿದ್ದಳು.

ಲೋರ್ನಾ ಓಡಿದಳು. ಅಡುಗೆಮನೆಯಲ್ಲಿ ಡ್ವೇನ್ ಪಿಸ್ತೂಲಿಗೆ ತಂತಿಬೀಗ ಹಾಕಿ ಎಳೆದು ನೋಡುತ್ತಿದ್ದ. ಪಿಸ್ತೂಲಿನ ಜೊತೆಗೇ ಬಂದಿದ್ದ ಬೀಗ. ಇಷ್ಟು ವರ್ಷ ಅದು ಕಾದದ್ದು ಕೋಳಿಗೂಡನ್ನು. ಮನೆಯಲ್ಲಿರುವ ಬಂದೂಕಿಗೆ ಬೀಗ ಹಾಕಲೇಬೇಕೆಂಬ ಹೊಸ ಕಾನೂನು ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಡುವ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಗೆ ವಿರುದ್ಧ ಎಂದು ದಾವೆ ಹೂಡಿದವರಲ್ಲಿ ಅವನದೇ ಮೊದಲ ಹೆಸರು. ನಾಳೆ ವಿಚಾರಣೆ.

"ಕೋಳಿಗಳ ಗತಿ?" ಎಂದಳು.

"ಇವತ್ತೊಂದಿನ ನರಿ ಉಪವಾಸ ಮಾಡ್ಲಿ ಅಂತ ಬೇಡ್ಕೋ. ನಗಬೇಡ ಕಣೇ."

"ಅಂತೂ ಸರ್ಕಾರ ಹೇಳಿದ್ದು ಕೇಳ್ದೆ."

"ಸರ್ಕಾರ ಹೇಳಿದ್ರೆ ಸತ್ರೂ ಹಾಕ್ತಿರಲಿಲ್ಲ. ಸಾಯಂಕಾಲ ಮಗು ಆ ಖಾನೆ ಎಳೀತಾ ಇತ್ತು."

ಅವನು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟ. ಮಗು ಬಂದಾಗಿನಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದು ಲೋರ್ನಾ ಕುರ್ಚಿಗೆ ಒರಗಿದಳು. ಅವನ ವಕೀಲರಿಗಾಗಲಿ, ಮಗುವಿನ ಅಪ್ಪನಾದ ತಮ್ಮ ಮಗನಿಗಾಗಲಿ, ಈ ಮಾತು ಯಾರಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದಳು.