ಉಲ್ಟಾ ಸಾಹೇಬನ ಸಲಹೆ

"ಬೇಡ ಭಾವ. ಆ ಆಯಿಲ್ ಷೇರು ಮಾತ್ರ ಮುಟ್ಟಬೇಡಿ," ಎಂದ ಭಾವಮೈದ, ಅಂಗಡಿಯ ಮೆಟ್ಟಿಲು ಹತ್ತುತ್ತಲೇ.

ಡ್ರೈಕ್ಲೀನಿಂಗ್ ಅಂಗಡಿಯ ಯಜಮಾನನಿಗೆ ಖುಷಿ ತಡೆಯಲಾಗಲಿಲ್ಲ. ವಾರದಿಂದ ಅವನು ಕಾದು ಕೂತಿದ್ದದ್ದು ಇದೇ ಮಾತಿಗೆ. ನಗು ಕಾಣದಿರಲೆಂದು ಯಾರದೋ ಕೋಟಿನ ಕಾಲರ್ ತಿರುವಿ, ಕಲೆ ಹುಡುಕುವವನಂತೆ ತಲೆ ಬಗ್ಗಿಸಿದ.

ಷೇರು ಮಾರುಕಟ್ಟೆ ಮಕಾಡೆ ಮಲಗಿತ್ತು. ತೈಲ ಕಂಪನಿಯ ಷೇರಂತೂ ಅರ್ಧಕ್ಕಿಳಿದಿತ್ತು. ಬಂದಷ್ಟಕ್ಕೆ ಮಾರಿ ಕೈತೊಳೆದುಕೊಂಡವರು ಕೆಲವರು, ಕೊಳ್ಳುವುದಾದರೆ ಈಗಲೇ ಎಂದು ಕುಣಿಯುವವರು ಕೆಲವರು. ಯಜಮಾನನಿಗೆ ಇದು ಬರೀ ಲಾಭದ ಮಾತಲ್ಲ. ಕಟ್ಟಡದ ಮಾಲೀಕ ಅಂಗಡಿಯಿದ್ದ ಮಳಿಗೆಯನ್ನು ಮಾರಲು ಹೊರಟಿದ್ದ. ವರ್ಷದೊಳಗೆ ಹಣ ಹೊಂದಿಸಿದರೆ ಇವನಿಗೆ, ಇಲ್ಲದಿದ್ದರೆ ಪಕ್ಕದ ಔಷಧದಂಗಡಿಯವನಿಗೆ. ಕೂಡಿಟ್ಟದ್ದು ಅರ್ಧ ಬೆಲೆಗೆ ಸಾಲುತ್ತಿತ್ತು, ಅಷ್ಟೆ. ಗಂಡ ಹೆಂಡತಿ ಸೇರಿ ಒಂದೇ ಒಂದು ಇಸ್ತ್ರಿಪೆಟ್ಟಿಗೆಯಿಂದ ಶುರು ಮಾಡಿದ ಅಂಗಡಿ. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಈಗ ಅವನಿಗೆ ಉಳಿದದ್ದು ಈ ಜಾಗವೊಂದೇ.

ಭಾವಮೈದ ವಿಮಾ ಕಚೇರಿಯಲ್ಲಿ ಗುಮಾಸ್ತ. ಷೇರಿನ ವಿಷಯದಲ್ಲಿ ಅವನ ಬಾಯಿಂದ ಸರಿಯಾದ ಮಾತು ಬಂದದ್ದೇ ಇಲ್ಲ. ಸಿಮೆಂಟು ಕೊಳ್ಳಿ ಎಂದ. ಇವನು ಕೊಳ್ಳಲಿಲ್ಲ, ಸಿಮೆಂಟು ನೆಲಕಚ್ಚಿತು. ಮೋಟಾರು ಕಂಪನಿ ಬೇಡ ಎಂದ. ಇವನು ಕೊಂಡ, ಬೆಲೆ ಗಗನಕ್ಕೇರಿತು. ಆ ದುಡ್ಡಿನಲ್ಲೇ ಅಂಗಡಿಗೆ ದೊಡ್ಡ ಯಂತ್ರ ಬಂತು. ಬ್ಯಾಂಕಿನ ಷೇರು ಮಾರಬೇಡಿ ಎಂದು ಗೋಗರೆದ. ಇವನು ಅವತ್ತೇ ಮಾರಿದ, ಸ್ವಲ್ಪ ದಿನಕ್ಕೆ ಆ ಬ್ಯಾಂಕೇ ಬಾಗಿಲು ಹಾಕಿತು. ಇಸ್ತ್ರಿ ಮಾಡುವವರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರ ಬಾಯಲ್ಲೂ ಅವನು ಉಲ್ಟಾ ಸಾಹೇಬ. ಎದುರಿಗೇ ಹಾಗೆ ಕರೆದರೂ ಅವನು ಹಲ್ಲು ಕಿರಿಯುತ್ತಿದ್ದ.

ಹೆಂಡತಿ ಮಾತ್ರ ತಮ್ಮನನ್ನು ಬಿಟ್ಟುಕೊಟ್ಟವಳಲ್ಲ. ಬಟ್ಟೆ ಸುತ್ತುವ ಹಳೇ ಪೇಪರನ್ನೂ ಬಿಡದೆ ಓದುವ ಚಟ ಅವಳಿಗೆ. ತಮ್ಮ ಬಂದೊಡನೆ ಓದುತ್ತಿದ್ದದ್ದನ್ನು ಮಡಚಿಟ್ಟು, "ನನ್ನ ತಮ್ಮನ ಮಾತು ಒಂದ್ಸಲನಾದ್ರೂ ಕೇಳ್ರೀ," ಎನ್ನುವಳು. ಅಷ್ಟು ಸಾಕು, ಕೇಳಬಾರದೆಂಬ ಇವನ ಹಟ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳೇ ಷೇರಿನ ಮಾತಿಗೆ ಬಾಯಿ ಹಾಕಿದ್ದಳು. "ನೀನು ಬಟ್ಟೆ ಎಣಿಸು, ಸಾಕು," ಎಂದು ಗಿರಾಕಿಗಳ ಮುಂದೆಯೇ ಗದರಿದ್ದ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಅಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಅವನು ಈಗಲೂ ಹೇಳಿಕೊಳ್ಳುತ್ತಿದ್ದ. ಬೈಯಿಸಿಕೊಂಡವಳ ಪುಣ್ಯದ ವಿಚಾರ ಅವನ ತಲೆಗೆ ಹೊಳೆದಿರಲಿಲ್ಲ.

"ಯಾಕಯ್ಯಾ ಬೇಡ? ಪೆಟ್ರೋಲಿಲ್ದೆ ಜಗತ್ತು ನಡೆಯುತ್ತಾ?" ಎಂದು ಕೆಣಕಿದ.

"ಜಗತ್ತು ನಡೆಯುತ್ತೆ ಭಾವ, ಆ ಕಂಪನಿ ನಡೆಯಲ್ಲ. ಕುತ್ತಿಗೆವರೆಗೂ ಸಾಲ ಮಾಡ್ಕೊಂಡಿದೆ. ಇರೋ ದುಡ್ಡನ್ನ ಮಾಲೀಕನಿಗೆ ಕಟ್ಟಿ. ಉಳಿದಿದ್ದಕ್ಕೆ ಬ್ಯಾಂಕಲ್ಲಿ ಕೇಳಿ. ನಾನೇ ಜಾಮೀನು ಹಾಕ್ತೀನಿ."

"ಅಷ್ಟು ಖಾತ್ರೀನಾ?"

"ಅಕ್ಕನ ಆಣೆ."

ಯಜಮಾನ ತಲೆಯೆತ್ತಿದ. ಭಾವಮೈದ ಎಂದೂ ಆಣೆ ಹಾಕಿದವನಲ್ಲ. ಬರುವುದು, ಅಕ್ಕನ ಮುಖ ನೋಡುವುದು, ಪಾಠ ಒಪ್ಪಿಸುವ ಹುಡುಗನ ಹಾಗೆ ಗಡಗಡನೆ ಸಲಹೆ ಹೇಳಿ ಟೀ ಕುಡಿದು ಹೋಗುವುದು, ಅಕ್ಕ ಇದ್ದಾಗ ಇದು ಅವನ ರೂಢಿ. ಇವತ್ತು ಟೀ ಬೇಡವೆಂದ. ಕಣ್ಣು ಒದ್ದೆಯಾಗಿತ್ತು. ಯಜಮಾನನ ಮನಸ್ಸು ಒಂದು ಗಳಿಗೆ ಕರಗಿತು. ಮರುಗಳಿಗೆ ಅವನೊಳಗಿನ ಜಾಣ ಎದ್ದು ಕೂತ. ಈ ಉಲ್ಟಾ ಸಾಹೇಬ ಅಳುತ್ತಾ ಬೇಡ ಎನ್ನಬೇಕಾದರೆ ಷೇರು ಎಷ್ಟು ಮೇಲಕ್ಕೆ ಹೋಗಬೇಡ!

ಭಾವಮೈದ ಬೀದಿಯ ತಿರುವು ದಾಟುವ ಮೊದಲೇ ಅವನು ದಲ್ಲಾಳಿಗೆ ಫೋನು ಮಾಡಿದ. ಕೂಡಿಟ್ಟದ್ದನ್ನೆಲ್ಲ ತೈಲಕ್ಕೆ ಸುರಿದ. ಹೆಂಡತಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ಆ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದ.

ಷೇರು ಇಳಿಯಿತು. ಇಳಿದದ್ದು ಏರಲೇಬೇಕು ಎಂದುಕೊಂಡ. ಅದು ಇನ್ನೂ ಇಳಿಯಿತು. ಮಳಿಗೆಯ ಗಡುವು ಹತ್ತಿರವಾಗುವ ಹೊತ್ತಿಗೆ ಕಂಪನಿ ದಿವಾಳಿಯೆದ್ದಿತು. ಔಷಧದಂಗಡಿಯವನು ಗೋಡೆ ಅಳೆಯಲು ಟೇಪು ಹಿಡಿದು ಬಂದ, ಪಾಪ, ತುಂಬಾ ಸಂಕೋಚದಿಂದಲೇ.

ಯಂತ್ರ ಬಿಚ್ಚುವ ದಿನ ಭಾವಮೈದ ರಜೆ ಹಾಕಿ ಬಂದ. ಅಂಗಿಯ ತೋಳು ಮಡಚಿ, ಸ್ಪ್ಯಾನರ್ ಹಿಡಿದು ಬೋಲ್ಟು ಬಿಚ್ಚಲು ಕೂತ. ಬೆಳಗಿನಿಂದ ಮಧ್ಯಾಹ್ನದವರೆಗೆ, ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಯಜಮಾನನ ಮೈ ಉರಿದದ್ದು ಅದಕ್ಕೇ.

"ಇಷ್ಟು ವರ್ಷ ಒಂದೇ ಒಂದು ಸಲ ಸರಿಯಾಗಿ ಹೇಳಿದವನಲ್ಲ ನೀನು," ಎಂದು ಕೂಗಾಡಿದ. "ನನ್ನ ಮನೆ ಹಾಳು ಮಾಡೋಕೆ ಈ ಸಲವೇ ಸರಿ ಹೇಳ್ಬೇಕಿತ್ತಾ?"

ಭಾವಮೈದ ಸ್ಪ್ಯಾನರ್ ಕೆಳಗಿಟ್ಟು, ಕೈಗಂಟಿದ ಮಸಿ ಒರೆಸಿಕೊಂಡ.

"ನಂಗೆ ಷೇರಿನ ಗಂಧಗಾಳಿಯೂ ಗೊತ್ತಿಲ್ಲ ಭಾವ. ಯಾವುದು ಏರುತ್ತೆ, ಯಾವುದು ಇಳಿಯುತ್ತೆ ಅಂತ ಪ್ರತಿಸಲ ಲೆಕ್ಕ ಹಾಕಿ ಹೇಳ್ತಿದ್ದದ್ದು ಅಕ್ಕ. ಅದನ್ನ ನಿಮ್ಮ ಮುಂದೆ ಉಲ್ಟಾ ಮಾಡಿ ಹೇಳೋದಷ್ಟೇ ನನ್ನ ಕೆಲಸ."

ಯಜಮಾನ ಯಂತ್ರಕ್ಕೆ ಒರಗಿ ನಿಂತ.

"ಆಸ್ಪತ್ರೆಯಲ್ಲಿ ಕೊನೇ ಸಲ ಅಂದ್ಲು, 'ಆ ತೈಲ ಕಂಪನಿ ಮುಳುಗುತ್ತೆ ಕಣೋ, ಮುಟ್ಟಬೇಡಿ ಅಂತ ಅವರಿಗೆ ಹೇಳು, ಈ ಸಲ ಉಲ್ಟಾ ಮಾಡ್ಬೇಡ, ನೇರವಾಗೇ ಹೇಳು, ನಾನು ಹೋದ ಮೇಲಾದ್ರೂ ಅವರು ಕೇಳ್ತಾರೆ' ಅಂತ."